ನೆಗೆಣ್ಣಿಯ ಹಾಲು

ಬೆಂಗೇರಿಯ ಆ ಮನೆಗೆ ಸಾವಂತ್ರಿ ಹಿರಿಯ ಸೊಸೆಯಾಗಿ ಬಂದು ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಮೈದುನನ ಹೆಂಡತಿ, ಅವಳ ನೆಗೆಣ್ಣಿ ಕಸ್ತೂರಿ, ಬಂದ ವರ್ಷವೇ ಬಸುರಾದಳು. ಅತ್ತೆ ರುಕ್ಮವ್ವ ಕಿರಿಯವಳ ರೊಟ್ಟಿಯ ಮೇಲೆ ತುಪ್ಪ ಸುರಿಯುವಾಗ ಹಿರಿಯವಳ ಕಡೆ ನೋಡುತ್ತಲೂ ಇರಲಿಲ್ಲ. ಅದಕ್ಕಿಂತ ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ಸಾವಂತ್ರಿಗೆ ಅನ್ನಿಸುತ್ತಿತ್ತು. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಕೂತಾಗ ಕಸ್ತೂರಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿದರೆ, ತನಗೂ ಹಾಗೆ ಹೊಟ್ಟೆ ತೊಳಸಬಾರದೇ ಎಂದು ಆಸೆಯಾಗುತ್ತಿತ್ತು. ಹೊಟ್ಟೆಕಿಚ್ಚು ಎಂಬ ಮಾತನ್ನು ಅವಳು ಸಾವಿರ ಸಲ ಕೇಳಿದ್ದಳು. ಅದು ನಿಜವಾಗಿಯೂ ಹೊಟ್ಟೆಯಲ್ಲೇ, ಎದೆಗೂಡಿನ ಕೆಳಗೆ ಒಂದು ಕಡೆ ಉರಿಯುತ್ತದೆಂದು ತಿಳಿದದ್ದು ಆಗಲೇ.

ಮರು ತಿಂಗಳು ಅವಳಿಗೂ ಮುಟ್ಟು ನಿಂತಿತು. ರುಕ್ಮವ್ವ ಓಣಿಯ ತುಂಬ ಸಕ್ಕರೆ ಹಂಚಿದಳು. ತಾರಿಹಾಳದ ಒಂದು ಎರಕದ ಕಾರಖಾನೆಯಲ್ಲಿ ದುಡಿಯುತ್ತಿದ್ದ ಗಂಡ ಪರಮೇಶ ಹೆಂಡತಿಗೆ ಹಸಿರು ಬಳೆ ತಂದ. ಸಾವಂತ್ರಿ ಆ ಬಳೆಗಳನ್ನು ಕಸ್ತೂರಿಗೆ ಕೇಳುವ ಹಾಗೆ ಗಲಗಲ ಮಾಡುತ್ತ ರೊಟ್ಟಿ ಬಡಿದಳು.

ಅದು ೨೦೦೩ರ ಮಳೆಗಾಲ. ಇಬ್ಬರೂ ಕೂಡಿಯೇ ಸಿಟಿ ಬಸ್ಸು ಹತ್ತಿ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಗೆ ಹೋದರು. ಬಸುರಿಯರಿಗೆಲ್ಲ ರಕ್ತ ತೆಗೆದರು. ಕಸ್ತೂರಿಯ ಹೆಸರು ಕೂಗಿ, ಎಲ್ಲ ಸರಿಯಿದೆ, ಹೋಗು ಎಂದರು. ಸಾವಂತ್ರಿಯನ್ನು ಮಾತ್ರ ಕಾರಿಡಾರಿನ ಕೊನೆಯ ಕೋಣೆಗೆ ಕರೆದರು. ಅಲ್ಲಿ ಆಪ್ತಸಮಾಲೋಚಕಿ ನಿರುಪಮಾ ಇದ್ದಳು. ಧಾರವಾಡದ ಮಾಳಮಡ್ಡಿಯಿಂದ ದಿನಾ ಬಂದುಹೋಗುವ, ಮೆಲುದನಿಯ ಹೆಂಗಸು. ಅವಳು ಬಾಗಿಲು ಮುಂದೆ ಮಾಡಿ, ಕುರ್ಚಿಯನ್ನು ಸಾವಂತ್ರಿಯ ಹತ್ತಿರ ಎಳೆದುಕೊಂಡು ಕೂತು ಹೇಳಿದಳು. ಸಾವಂತ್ರಿಯ ರಕ್ತದಲ್ಲಿ ಎಚ್‌ಐವಿ ಇತ್ತು.

ಸಾವಂತ್ರಿ ಅಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

“ನಮ್ಮ ನೆಗೆಣ್ಣಿದು?”

“ಇನ್ನೊಬ್ಬರದು ನಾ ಹೇಳಲಿಕ್ಕೆ ಬರೂದಿಲ್ರಿ. ನಿಮ್ಮದು ಹೆಂಗ ಯಾರಿಗೂ ಹೇಳೂದಿಲ್ಲೋ, ಹಂಗ.”

ಕೇಳುವ ಅಗತ್ಯವೇ ಇರಲಿಲ್ಲ. ಕಸ್ತೂರಿ ಹೊರಗೆ ಬೆಂಚಿನ ಮೇಲೆ ಕಾಲು ಆಡಿಸುತ್ತ, ಕಾಗದದ ಪೊಟ್ಟಣದಿಂದ ಗಿರಮಿಟ್ಟು ತಿನ್ನುತ್ತಿದ್ದಳು. ಒಂದೇ ಮನೆ, ಒಂದೇ ಒಲೆ, ಒಂದೇ ಕೊಡದ ನೀರು, ಬೆನ್ನಿಗೆ ಬೆನ್ನು ಹತ್ತಿ ಹುಟ್ಟಿದ ಇಬ್ಬರು ಗಂಡಂದಿರು. ಅವಳ ರಕ್ತ ಶುದ್ಧ, ತನ್ನದು ಹೀಗೆ. ಸಾವಂತ್ರಿಗೆ ರೋಗದ ಮೇಲೆ ಬರಬೇಕಾದ ಸಿಟ್ಟೆಲ್ಲ ಆ ಪೊಟ್ಟಣದ ಮೇಲೆ, ತುಟಿಗೆ ಹತ್ತಿದ ಆ ಚುರುಮುರಿ ಕಾಳಿನ ಮೇಲೆ ಬಂತು.

“ಯಾಕಕ್ಕಾ, ಏನಂದ್ರು ಒಳಗ?”

“ರಕ್ತ ಕಡಿಮಿ ಐತಂತ. ಏಳು, ಬಸ್ ಹೊಕ್ಕೈತಿ.”

ಪರಮೇಶನಿಗೆ ಅವಳು ಆ ಭಾನುವಾರ, ಮನೆಯವರೆಲ್ಲ ಸಿದ್ಧಾರೂಢರ ಮಠಕ್ಕೆ ಹೋದಾಗ ಹೇಳಿದಳು. ಅವನು ಮದುವೆಗೆ ಮುಂಚೆ ಮೂರು ವರ್ಷ ಕೊಲ್ಲಾಪುರದ ಕಡೆ ಕೆಲಸಕ್ಕಿದ್ದವನು. ಗೋಡೆಗೆ ಆತು ಕೂತು, ಎರಡೂ ಕೈಯಿಂದ ತಲೆ ಹಿಡಿದುಕೊಂಡು, “ನಾ ಮಾಡಿದ್ದು, ನೀ ಉಣ್ಣಾಕತ್ತಿ” ಎಂದ. ಆಮೇಲೆ ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಕೈ ಮುಟ್ಟಿ ಆಣೆ ಮಾಡಿಸಿಕೊಂಡ. ಒಂದು ಸಲ ಅವಳ ಜೊತೆ ಬಂದು ರಕ್ತ ಕೊಟ್ಟ. ತನ್ನದೂ ಹಾಗೇ ಬಂದಮೇಲೆ ಮತ್ತೆ ಆ ಆಸ್ಪತ್ರೆಯ ಕಡೆ ಮುಖ ಹಾಕಲಿಲ್ಲ. ಅಲ್ಲಿ ತಾರಿಹಾಳದವರು ಯಾರಾದರೂ ನೋಡಿಯಾರು ಎಂಬ ಅಂಜಿಕೆ.

ಸಾವಂತ್ರಿ ಮಾತ್ರ ಹೋಗುತ್ತಿದ್ದಳು. ನಿರುಪಮಾ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದಳು.

“ಕೂಸಿನ ಚಿಂತಿ ಮಾಡ್ತೀರಿ, ಛಲೋ. ಕೂಸು ಎಲ್ಲಿ ಅದ? ನಿಮ್ಮೊಳಗ ಅದ. ಮೊದಲ ನೀವು ಹೊಟ್ಟಿ ತುಂಬ ಉಣ್ರಿ. ನೀರು ಕಾಸಿ ಆರಿಸಿ ಕುಡೀರಿ. ಮಧ್ಯಾಹ್ನ ಒಂದು ತಾಸು ಅಡ್ಡಾಗ್ರಿ. ಕೆಮ್ಮು ಬರಲಿ, ಜ್ವರ ಬರಲಿ, ಬಾಯಾಗ ಹುಣ್ಣು ಬರಲಿ, ಮುಚ್ಚಿಟ್ಕೋಬ್ಯಾಡ್ರಿ, ಬಂದುಬಿಡ್ರಿ.”

ಹೇಳುವುದು ಸುಲಭ. ಮಧ್ಯಾಹ್ನ ಅಡ್ಡಾಗುವ ಭಾಗ್ಯವಿದ್ದದ್ದು ಕಸ್ತೂರಿಗೆ. ಮನೆಯ ಕಿರಿಯವಳು, ತವರಿನವರು ಗಟ್ಟಿಯಿದ್ದವರು. ಅವಳ ಸೀಮಂತದ ಕುಬಸಕ್ಕೆ ಕುಂದಗೋಳದಿಂದ ಟೆಂಪೋ ತುಂಬ ಜನ ಬಂದರು, ಹಸಿರು ಸೀರೆ ಬಂತು, ಬುಟ್ಟಿಗಟ್ಟಲೆ ಉಂಡಿ ಬಂತು. ಸಾವಂತ್ರಿಗೆ ತಾಯಿಯಿರಲಿಲ್ಲ. ಅವಳ ಕುಬಸವನ್ನು ಅತ್ತೆಯೇ ಒಂದು ಮುತ್ತೈದೆಯನ್ನು ಕರೆದು ಮುಗಿಸಿದಳು. ಕಸ್ತೂರಿ ಆ ದಿನ ತನ್ನ ಉಂಡಿಯ ಡಬ್ಬಿಯನ್ನು ತಂದು, “ನೀ ತಿನ್ನಕ್ಕಾ, ನಿನಗ ರಕ್ತ ಕಡಿಮಿ ಐತಿ” ಎಂದು ಇವಳ ಮುಂದಿಟ್ಟಳು. ಸಾವಂತ್ರಿ ತಿನ್ನಲಿಲ್ಲ. ಅವಳು ಆಚೆ ಹೋದ ಮೇಲೆ ಡಬ್ಬಿಯನ್ನು ತಲೆಬಾಗಿಲ ಬಳಿ ಆಡುತ್ತಿದ್ದ ಮಕ್ಕಳಿಗೆ ಬರಿದು ಮಾಡಿದಳು.

ಕಸ್ತೂರಿ ಹೆರಿಗೆಗೆ ತವರಿಗೆ ಹೋದಳು. ಗಂಡು ಹುಟ್ಟಿದ ಸುದ್ದಿ ಬಂತು. ಸಾವಂತ್ರಿ, ಕೂಸಿಗೆ ರೋಗ ಹತ್ತದಿರಲೆಂದು ನಿರುಪಮಾ ಕೊಟ್ಟಿದ್ದ ಗುಳಿಗೆಯನ್ನು ಕುಪ್ಪಸದ ಗಂಟಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದಳು. ನೋವು ಶುರುವಾದ ಕೂಡಲೇ ನುಂಗಬೇಕು, ಆಸ್ಪತ್ರೆಯಲ್ಲೇ ಹೆರಬೇಕು. ಬೆಳಗಿನ ಹೊತ್ತು ನೋವು ಬಂದಾಗ ರೊಟ್ಟಿಯ ಹಂಚಿನ ಮುಂದೆಯೇ ಅದನ್ನು ನುಂಗಿ, ಪರಮೇಶನನ್ನು ಆಟೋ ತರಲು ಓಡಿಸಿದಳು. ಹೆಣ್ಣು ಹುಟ್ಟಿತು. ಕೂಸಿಗೂ ಔಷಧದ ಹನಿ ಹಾಕಿದರು. ಶಿವಲೀಲಾ ಎಂದು ಹೆಸರಿಟ್ಟರು.

ಹಾಲಿನ ಮಾತನ್ನು ಅವಳು ಮೊದಲೇ ಗಟ್ಟಿ ಮಾಡಿಕೊಂಡಿದ್ದಳು. “ಎದಿಹಾಲಿನಿಂದನೂ ಕೂಸಿಗೆ ಇದು ಹತ್ತಬಹುದು. ಇಲ್ಲಾ ಪೂರಾ ಎದಿಹಾಲು, ಇಲ್ಲಾ ಪೂರಾ ಹೊರಗಿನ ಹಾಲು” ಎಂದಿದ್ದಳು ನಿರುಪಮಾ. “ಇವತ್ತು ಇದು, ನಾಳೆ ಅದು ಅಂತ ಎರಡೂ ಕೂಡಿಸಿ ಕೊಟ್ರ ಅಪಾಯ ಭಾಳ. ಯಾವುದು ನಿಮ್ಮ ಕೈಲೆ ಆಗ್ತದ ನೋಡ್ರಿ.” ಹಾಲು ಮನೆಯ ಎಮ್ಮೆಯದಿತ್ತು, ಒಲೆಯಿತ್ತು, ಕಾಸುವ ಕೈಯಿತ್ತು. ಹೊರಗಿನ ಹಾಲೇ ಎಂದು ಸಾವಂತ್ರಿ ತೀರ್ಮಾನಿಸಿದಳು. ಹೇಗೆ ನೀರು ಬೆರೆಸಬೇಕು, ಎಷ್ಟು ಕುದಿಸಬೇಕು ಎಂಬುದನ್ನು ನಿರುಪಮಾ ಮಾಡಿ ತೋರಿಸಿ ಕಳಿಸಿದ್ದಳು. ಅತ್ತೆಗೆ, ರಕ್ತ ಕಡಿಮೆ ಇದ್ದವರು ಮೊಲೆ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದಳು. ರುಕ್ಮವ್ವ ಮೂಗು ಮುರಿದಳು. “ನಾವೇನು ಹಡದಿಲ್ಲೇನು, ನಮಗೇನು ರಕ್ತ ಕೊಡಪಾನಗಟ್ಲೆ ಇತ್ತೇನು?”

ಎದೆ ತುಂಬಿ ಕಲ್ಲಿನಂತಾಯಿತು. ಜ್ವರ ಬಂತು. ಹಳೆಯ ಧೋತರದ ತುಂಡಿನಿಂದ ಎದೆಯನ್ನು ಬಿಗಿದು ಕಟ್ಟಿಕೊಂಡು, ಒಳಲೆಯ ಮೂತಿಯಿಂದ ಮಗಳ ಬಾಯಿಗೆ ಎಮ್ಮೆಯ ಹಾಲನ್ನು ತೊಟ್ಟು ತೊಟ್ಟಾಗಿ ಹಾಕುವಾಗ, ಕಟ್ಟಿದ ಬಟ್ಟೆಯೆಲ್ಲ ತನ್ನ ಹಾಲಿನಿಂದ ತೊಯ್ಯುತ್ತಿತ್ತು. ದಿನ ಕಳೆದಂತೆ ಹಾಲು ಬತ್ತಿತು. ಮಗು ಗುಂಡಾಗಿಯೇ ಬೆಳೆಯಿತು. ತಾನು ಗೆದ್ದೆ ಎಂದು ಸಾವಂತ್ರಿಗೆ ಅನ್ನಿಸತೊಡಗಿದ ಹೊತ್ತಿಗೆ ಕಸ್ತೂರಿ ಮಗನನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಳು.

ಮೈಲಾರಿ ಎಂದು ಆ ಹುಡುಗನ ಹೆಸರು. ಕಸ್ತೂರಿ ಎಲ್ಲೆಂದರಲ್ಲಿ ಕೂತು ಅವನಿಗೆ ಹಾಲು ಕುಡಿಸುತ್ತಿದ್ದಳು: ಕಟ್ಟೆಯ ಮೇಲೆ, ಒಲೆಯ ಮುಂದೆ, ಕಾಯಿಪಲ್ಯೆ ಮಾರುವವಳ ಜೊತೆ ಚೌಕಾಶಿ ಮಾಡುತ್ತ. ಅವಳಿಗೆ ಹಾಲು ಎಷ್ಟಿತ್ತೆಂದರೆ ಹುಡುಗನಿಗೆ ಒಮ್ಮೊಮ್ಮೆ ಉಸಿರುಗಟ್ಟುತ್ತಿತ್ತು. “ಯಪ್ಪಾ, ಇದೇನು ಕೆರಿ ಒಡದಂಗ ಬರತೈತಿ” ಎಂದು ನಗುತ್ತ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಸಾವಂತ್ರಿ ಹಾಲು ಕಾಸುವ ನೆವದಿಂದ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ದಿನ ಅವಳು ಆಸ್ಪತ್ರೆಗೆ ಹೋದವಳು, ಡಾಕ್ಟರು ತಡವಾಗಿ ಬಂದದ್ದರಿಂದ ಮನೆಗೆ ತಿರುಗುವಾಗ ಮಧ್ಯಾಹ್ನ ಇಳಿದಿತ್ತು. ಕಾಸಿಟ್ಟ ಹಾಲು ಒಡೆದುಹೋಗಿತ್ತಂತೆ. ರುಕ್ಮವ್ವ ಹೊಲಕ್ಕೆ ಹೋಗಿದ್ದಳು. ಬಾಗಿಲು ದಾಟುತ್ತಲೇ ಸಾವಂತ್ರಿ ಕಂಡದ್ದು ಇಷ್ಟು: ಕಂಬಕ್ಕೆ ಒರಗಿ ಕಸ್ತೂರಿ ಕೂತಿದ್ದಾಳೆ. ಒಂದು ತೊಡೆಯ ಮೇಲೆ ಮೈಲಾರಿ ನಿದ್ದೆ ಹೋಗಿದ್ದಾನೆ. ಇನ್ನೊಂದು ತೊಡೆಯ ಮೇಲೆ ಶಿವಲೀಲಾ, ಕಣ್ಣು ಅರೆಮುಚ್ಚಿ, ಕಸ್ತೂರಿಯ ತಾಳಿಯನ್ನು ಹಿಡಿದುಕೊಂಡು ಗಟಗಟ ಹಾಲು ಕುಡಿಯುತ್ತಿದ್ದಾಳೆ. ಮಗಳ ಮುಖದಲ್ಲಿ ಅಂಥ ಸುಖವನ್ನು ಸಾವಂತ್ರಿ ಎಂದೂ ಕಂಡಿರಲಿಲ್ಲ.

ಅವಳು ಕೂಸನ್ನು ಕಿತ್ತುಕೊಂಡಳು. ಕೂಸು ಚೀರಿತು, ಮೈಲಾರಿ ಎಚ್ಚೆತ್ತು ಚೀರಿದ.

“ನನ್ನ ಕೂಸಿಗೆ ಮೊಲಿ ಕೊಡು ಅಂತ ಯಾರು ಹೇಳಿದ್ರು ನಿನಗ?”

“ಹಸದು ಅಳಾಕತ್ತಿತ್ತು ಅಕ್ಕಾ. ನೀಲಿಗಟ್ಟಿ ಹೋಗಿತ್ತು. ನನ್ನ ಕಡೆ ಹಾಲು ಇತ್ತು, ಕೊಟ್ಟೆ. ಏನು ತಪ್ಪಾತು?”

“ಒಂದು ಹಡದದ್ದು ಸಾಲಲಿಲ್ಲೇನು ನಿನಗ? ನಂದೂ ಬೇಕೇನು?”

ಸಾವಂತ್ರಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಹೊಸ ಹಾಲು ತಂದು ಕಾಸಿ ಒಳಲೆ ಹಿಡಿದರೆ ಶಿವಲೀಲಾ ನಾಲಗೆಯಿಂದ ಹೊರಗೆ ತಳ್ಳಿದಳು, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ತಾಯಿಯ ಎದೆಯನ್ನು ಮೂಸಿ ಹುಡುಕಿದಳು. ಸಾವಂತ್ರಿ ಕುಪ್ಪಸದ ಗುಂಡಿ ಬಿಚ್ಚಿದಳು. ಹಾಲು ಬತ್ತಿದ್ದರೂ ಮಗು ಹಿಡಿದರೆ ಬಂದೀತು, ನಾಲ್ಕು ಹನಿ ಬಂದರೂ ಸಾಕು. ತಾಯಿ ಯಾರೆಂದು ಅದಕ್ಕೆ ಗೊತ್ತಾದರೆ ಸಾಕು. ಮಗುವಿನ ಬಿಸಿ ಉಸಿರು ಚರ್ಮಕ್ಕೆ ತಾಗಿತು. ಆಗ ಅವಳಿಗೆ ತನ್ನ ಮನಸ್ಸು ಇದ್ದಕ್ಕಿದ್ದಂತೆ ಬಯಲಾಗಿ ಕಂಡಿತು. ಇದು ಕೂಸಿನ ಹಸಿವಿಗಲ್ಲ. ಕಸ್ತೂರಿಯನ್ನು ಸೋಲಿಸಬೇಕು, ಅದಕ್ಕೆ. ಅದಕ್ಕಾಗಿ ಇಷ್ಟು ದಿನ ಕಾಯ್ದದ್ದನ್ನೆಲ್ಲ ಒಂದು ಗುಟುಕಿನಲ್ಲಿ ಕಳೆಯಲು ಹೊರಟಿದ್ದಳು. ಅವಳು ಗುಂಡಿ ಹಾಕಿಕೊಂಡಳು. ಕೂಸು ಅತ್ತು ಅತ್ತು ದಣಿದು, ಕೊನೆಗೆ ಒಳಲೆಯ ಹಾಲನ್ನೇ ಕುಡಿಯಿತು. ಕುಡಿಯುವಾಗಲೂ ಬಿಕ್ಕುತ್ತಿತ್ತು.

ಮರುದಿನ ಅವಳು ನಿರುಪಮಾಳ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಕೂಸಿಗೆ ಏನಾದರೂ ಆದೀತೇ ಎಂಬುದೇ ಅವಳ ಪ್ರಶ್ನೆ. ನಿರುಪಮಾ ಇನ್ನೊಂದು ದಿಕ್ಕಿನಿಂದ ಮಾತು ತೆಗೆದಳು.

“ಕೂಸಿಗೆ ಆಕಿಯಿಂದ ಅಂಜಿಕಿ ಇಲ್ಲ. ಆದ್ರ ನಿಮ್ಮ ಕೂಸಿನ ಪರೀಕ್ಷಾ ಇನ್ನೂ ಆಗಿಲ್ಲ. ಅದರ ಬಾಯಾಗ ಹುಣ್ಣು ಇದ್ದು, ಆಕಿ ಮೊಲಿ ಒಡದಿದ್ರ, ಆಕಿಗೆ ಸಣ್ಣದೊಂದು ಅಪಾಯ ಇರ್ತದ. ಭಾಳ ಸಣ್ಣದು. ಆದ್ರೂ ಆಕಿಗೆ ಗೊತ್ತಿರಬೇಕಲ್ರಿ?”

ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದಾಗ ಸಾವಂತ್ರಿಯ ತಲೆಯಲ್ಲಿ ಒಂದು ಯೋಚನೆ ಬಂತು. ಹೇಳದಿದ್ದರೆ? ಅವಳಿಗೂ ಬರಲಿ. ಆಗ ಇಬ್ಬರೂ ಸರಿಸಮ. ತುಪ್ಪ ಹಾಕುವ ಕೈ ಇಬ್ಬರಿಗೂ ನಿಲ್ಲುತ್ತದೆ. ಆ ಯೋಚನೆ ಬಂದು ಹೋಗಲು ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿನಷ್ಟು ಹೊತ್ತು ಹಿಡಿದಿರಬೇಕು. ಅಷ್ಟರಲ್ಲಿ ಅವಳ ಕಣ್ಣಿಗೆ ಬಂದದ್ದು, ಕಂಬಕ್ಕೆ ಒರಗಿದ ಕಸ್ತೂರಿಯಲ್ಲ. ಅವಳ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೈಲಾರಿ. ಅವನೂ ಅದೇ ಹಾಲು ಕುಡಿಯುವವನು.

ಮನೆಗೆ ಬಂದವಳೇ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಹಾಕುತ್ತಿದ್ದ ಕಸ್ತೂರಿಯ ಬಳಿಗೆ ಹತ್ತಿದಳು.

“ಕಸ್ತೂರಿ, ಕುಂದ್ರು. ನಾ ಹೇಳೂದು ಕೇಳಿ ಒದರಬ್ಯಾಡ.”

ಹೇಳಿದಳು, ಏನನ್ನೂ ಬಿಡದೆ. ಕಸ್ತೂರಿ ಒದರಲಿಲ್ಲ. ಮೆಣಸಿನಕಾಯಿಯ ಘಾಟು ಹತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಆಮೇಲೆ, “ನನ್ನ ಮಗ…” ಎಂದಳು.

ನಿರುಪಮಾಳೇ ಕಸ್ತೂರಿಯ ರಕ್ತ ಪರೀಕ್ಷೆ ಮಾಡಿಸಿದಳು, ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿದಳು. ಎರಡು ಸಲವೂ ಏನೂ ಇರಲಿಲ್ಲ. ಮನೆಯಲ್ಲಿ ಕಸ್ತೂರಿ ಬಾಯಿ ಬಿಡಲಿಲ್ಲ. ತನ್ನ ಗಂಡ ಫಕೀರೇಶನಿಗೂ ಹೇಳಲಿಲ್ಲ. ಆದರೆ ಶಿವಲೀಲಾಳನ್ನು ಮುಟ್ಟುವುದನ್ನು ಬಿಟ್ಟಳು. ಸಾವಂತ್ರಿಗೆ ಬೇಕಾಗಿದ್ದದ್ದು ಅದೇ. ಎರಡು ದಿನ ಅವಳು ಸಂತೋಷವಾಗಿಯೇ ಇದ್ದಳು. ಆಮೇಲೆ, ಅಂಬೆಗಾಲಿಡಲು ಕಲಿತ ಮಗಳು ಕಸ್ತೂರಿಯ ಕಡೆ ಹೋದಾಗ ಅವಳು ಕಾಲನ್ನು ಹಿಂದೆ ಎಳೆದುಕೊಳ್ಳುವುದನ್ನು ಸಾವಂತ್ರಿ ನೋಡಿದಳು. ನನ್ನ ಮಗಳೇನು ಹೊಲಸೇ ಎಂದು ಈಗ ಬೇರೆಯೇ ಸಿಟ್ಟು.

ಅದು ಮುಗಿದದ್ದೂ ಹೀಗೆಯೇ, ಯಾರೂ ಏನೂ ಅನ್ನದೆ. ಒಂದು ಮುಂಜಾನೆ ಶಿವಲೀಲಾ ಉರಿಯುವ ಒಲೆಯ ಹತ್ತಿರ ಕೈ ಚಾಚಿದಳು. ಕಸ್ತೂರಿ ಹಿಟ್ಟಿನ ಕೈಯಿಂದಲೇ ಹಾರಿ ಬಂದು ಅವಳನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಮತ್ತೆ ಕೆಳಗಿಳಿಸಲಿಲ್ಲ. ಸೊಂಟದ ಮೇಲೆ ಕೂಸನ್ನಿಟ್ಟುಕೊಂಡೇ ಉಳಿದ ರೊಟ್ಟಿ ಬೇಯಿಸಿದಳು. ಸಾವಂತ್ರಿ ನೋಡಿಯೂ ನೋಡದವಳಂತೆ ನೀರು ತರಲು ಹೋದಳು.

ಪರಮೇಶ ಆ ವರ್ಷ ದೀಪಾವಳಿ ನೋಡಲಿಲ್ಲ. ತಿಂಗಳುಗಟ್ಟಲೆ ಕೆಮ್ಮಿದ, ಎರಕದ ಹೊಗೆಯಿಂದ ಎಂದ. ಸಾವಂತ್ರಿ ಕೈಕಾಲು ಹಿಡಿದು, “ನಾ ದವಾಖಾನಿಗೆ ಹೊಕ್ಕೇನಲ್ಲ, ನನ್ನ ಯಾರರ ತಿಂದಾರೇನು? ಬರ್ರಿ” ಎಂದು ಬೇಡಿಕೊಂಡಳು. ಬಾಯಲ್ಲಿ ರಕ್ತ ಬಂದ ಮೇಲೆ ತಮ್ಮ ಫಕೀರೇಶ ಆಸ್ಪತ್ರೆಗೆ ಹೊತ್ತುಕೊಂಡು ಹೋದ. ಕ್ಷಯ ಎರಡೂ ಪುಪ್ಪುಸ ತಿಂದಿತ್ತು. ಅವನು ಸತ್ತ ವಾರದಲ್ಲಿ ಆಸ್ಪತ್ರೆಯ ಕಾಗದಗಳಿಂದ ರುಕ್ಮವ್ವನಿಗೂ ಎಲ್ಲ ತಿಳಿಯಿತು. ಅವಳು ಹಿರಿಯ ಸೊಸೆಯ ತಾಟು ಲೋಟಗಳನ್ನು ಬೇರೆ ಗೂಡಿನಲ್ಲಿ ಇಟ್ಟಳು. ಕಸ್ತೂರಿ ಅವನ್ನು ಎಲ್ಲರ ತಾಟಿನ ಜೊತೆಗೇ ತೊಳೆದು ಎಲ್ಲರ ತಾಟಿನ ಜೊತೆಗೇ ಇಟ್ಟಳು. ಮತ್ತೆ ಬೇರೆ ಮಾಡಿದರೆ ಮತ್ತೆ ಕೂಡಿಸಿದಳು.

ಸಾವಂತ್ರಿ ಬಳೆ ಒಡೆದುಕೊಂಡು ಚಾಪೆ ಹಿಡಿದಳು. ಅನ್ನ ಸೇರಲಿಲ್ಲ. ಆಸ್ಪತ್ರೆಗೆ ಹೋಗಲಿಲ್ಲ, ಅಲ್ಲಿಂದ ತಂದಿದ್ದ ಗುಳಿಗೆ ಮುಟ್ಟಲಿಲ್ಲ. ರವಿಕೆ ಜೋತುಬಿತ್ತು, ನಾಲಗೆಯ ಮೇಲೆ ಬಿಳಿ ಕಟ್ಟಿತು. ಎರಡೂ ಮಕ್ಕಳು ಕಸ್ತೂರಿಯ ಹಿಂದೆಯೇ ತಿರುಗುತ್ತಿದ್ದವು. ಯಾರು ಯಾರಿಗೆ ಉಣಿಸಿದರು ಎಂದು ಕೇಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಹೊಟ್ಟೆಕಿಚ್ಚು ಸಹ ಆರಿಹೋಗಿತ್ತು.

ಹಾಗೆ ಬಿದ್ದುಕೊಂಡಿದ್ದ ಒಂದು ಮಧ್ಯಾಹ್ನ, ಕಿಟಕಿಯ ಹೊರಗೆ ಅತ್ತೆಯೂ ಕಸ್ತೂರಿಯೂ ಜೋಳ ಹಸನು ಮಾಡುತ್ತ ಮಾತಾಡುವುದು ಕೇಳಿಸಿತು.

“ಇಕೀನೂ ಭಾಳ ದಿನ ತಗೊಳ್ಳೂದಿಲ್ಲ ಅನಸ್ತೈತಿ” ಎಂದಳು ರುಕ್ಮವ್ವ. ದನಿಯಲ್ಲಿ ದ್ವೇಷವಿರಲಿಲ್ಲ, ದಣಿವಿತ್ತು.

“ಬಿಡ್ತು ಅನ್ರಿ ಅತ್ತಿ” ಎಂದಳು ಕಸ್ತೂರಿ. “ಏನರ ಆದ್ರೂ ಶಿವಲೀಲಾನ ಚಿಂತಿ ಮಾಡಬ್ಯಾಡ್ರಿ. ನಾ ಅದೇನಿ. ನನಗ ಇಬ್ರೂ ಅವಳಿ ಇದ್ದಂಗ. ಈಗೇ ನನಗ ಅವ್ವಾ ಅಂತಾಳ ಆಕಿ.”

ಕಸ್ತೂರಿ ಅದನ್ನು ಎಷ್ಟು ಪ್ರೀತಿಯಿಂದ ಹೇಳಿದ್ದಳೆಂದು ಸಾವಂತ್ರಿಗೆ ಗೊತ್ತಾಗದೆ ಇರಲಿಲ್ಲ. ಆ ಪ್ರೀತಿಯೇ ಅವಳನ್ನು ಸುಟ್ಟಿತು. ಎದೆಗೂಡಿನ ಕೆಳಗೆ, ಆ ಹಳೆಯ ಜಾಗದಲ್ಲಿ, ಬೆಂಕಿ ಭಗ್ಗೆಂದು ಹತ್ತಿತು. ಈಗೇ ಅವ್ವ ಅಂತಾಳ! ತಾನು ಸತ್ತರೆ ಮಗಳಿಗೆ ಒಂದು ದಿನದ ಮಟ್ಟಿಗೂ ಕೊರತೆಯಾಗುವುದಿಲ್ಲ. ಹುಡುಗಿ ಬೆಳೆದು ದೊಡ್ಡವಳಾಗಿ, ಲಗ್ನದಲ್ಲಿ ಕಸ್ತೂರಿಯ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾಳೆ. ಯಾರೋ ಹಳಬರು, ನಿನ್ನ ಹಡೆದವಳು ಸಾವಂತ್ರಿ ಅಂತ ಇದ್ದಳು ಎಂದರೆ, ಹೌದೇ ಎನ್ನುತ್ತಾಳೆ.

ಸಾವಂತ್ರಿ ಗೋಡೆ ಹಿಡಿದು ಎದ್ದಳು. ಅಡುಗೆಮನೆಗೆ ಹೋಗಿ, ಬುಟ್ಟಿಯಲ್ಲಿದ್ದ ತಣ್ಣನೆಯ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ನಿಂತಲ್ಲೇ ತಿಂದಳು. ಬಾಯಿಯ ಹುಣ್ಣಿಗೆ ಖಾರ ತಗುಲಿ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ, ಇನ್ನೊಂದು ತಿಂದಳು.

ಮರುದಿನ ಬಸ್ಸು ಹತ್ತಿದಳು. ನಿರುಪಮಾ ಅವಳನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ.

“ಎಷ್ಟು ದಿನ ಆತ್ರಿ! ಸುದ್ದಿ ಇಲ್ಲ, ಏನಿಲ್ಲ. ಇವತ್ತ ಹೆಂಗ ಬಂದ್ರಿ?”

“ನನ್ನ ಮಗಳನ್ನ ಆಕಿಗೆ ಕೊಡೂದಿಲ್ರಿ ಬಾಯಾರ” ಎಂದಳು ಸಾವಂತ್ರಿ.

ಯಾರಿಗೆ, ಏನು ಎಂದು ಕೇಳಿ ತಿಳಿದುಕೊಂಡ ಮೇಲೆ ನಿರುಪಮಾ ನಗಲಿಲ್ಲ, ಬುದ್ಧಿ ಹೇಳಲೂ ಇಲ್ಲ. “ಹಂಗಾರ ಬದಕ್ರಿ” ಎಂದಳು. “ಬದಕಲಿಕ್ಕೆ ಯಾವ ನೆವ ಆದ್ರೂ ನಡೀತದ ನನಗ.”

ಮೊದಲು ಬಾಯಿಯ ಹುಣ್ಣಿಗೆ ಔಷಧ ಕೊಟ್ಟರು. ಕ್ಷಯವಿದೆಯೇ ಎಂದು ನೋಡಿದರು, ಇರಲಿಲ್ಲ. ಸರಕಾರ ಪುಕ್ಕಟೆ ಕೊಡುವ ಎಚ್‌ಐವಿ ಗುಳಿಗೆಗಳು ಹುಬ್ಬಳ್ಳಿಗೇ ಬಂದಾಗ, ಅವಳ ರಕ್ತದಲ್ಲಿ ರೋಗ ತಡೆಯುವ ಬಲ ಎಷ್ಟಿದೆ ನೋಡಿ ಶುರು ಮಾಡಿದರು. ಬೆಳಿಗ್ಗೆ ಒಂದು, ಸಂಜೆ ಒಂದು, ಒಂದು ಹೊತ್ತೂ ತಪ್ಪುವಂತಿಲ್ಲ. ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಇನ್ನು ಸಾಕು ಎನ್ನಿಸಿದಾಗ ಅವಳು ಕಟ್ಟೆಯ ಕಡೆ ನೋಡುತ್ತಿದ್ದಳು. ಅಲ್ಲಿ ಕಸ್ತೂರಿ ಶಿವಲೀಲಾಳ ತಲೆ ಬಾಚುತ್ತಿದ್ದರೆ ಅಷ್ಟೇ ಸಾಕು, ಗುಳಿಗೆ ಗಂಟಲಿನಲ್ಲಿ ಇಳಿಯುತ್ತಿತ್ತು.

ಅವಳು ಮೊಳಕೆಯ ಹೆಸರುಕಾಳು ತಿಂದಳು, ಶೇಂಗಾ ಬೆಲ್ಲ ತಿಂದಳು, ದಿನಕ್ಕೊಂದು ತತ್ತಿ ಬೇಯಿಸಿಕೊಂಡಳು. ಮಧ್ಯಾಹ್ನ ಊಟವಾದ ಮೇಲೆ ಯಾರ ಮುಖವನ್ನೂ ನೋಡದೆ ಅಡ್ಡಾದಳು. ರುಕ್ಮವ್ವ ತಡೆಯಲಾರದೆ ಒಂದು ದಿನ ಅಂದುಬಿಟ್ಟಳು. “ಗಂಡ ಸತ್ತು ವರ್ಷ ತುಂಬಿಲ್ಲ. ತತ್ತಿ ತಿಂದು ಮಲಗತಾಳ, ಮಹಾರಾಣಿ ಗತೆ.”

“ಔಷಧ ಅತ್ತಿ ಅದು” ಎಂದಳು ಕಸ್ತೂರಿ. ಮರುದಿನದಿಂದ ತತ್ತಿ ಬೇಯಿಸಿ, ಸುಲಿದು, ಉಪ್ಪು ಮೆಣಸು ಹಾಕಿ ತಾನೇ ತಂದುಕೊಡತೊಡಗಿದಳು. ಅದೂ ಇವಳ ಕೈಯಿಂದಲೇ ಬರಬೇಕೇ ಎಂದು ಸಾವಂತ್ರಿಗೆ ಅಸಹನೆ. ಆದರೂ ತಿಂದಳು.

ಶಿವಲೀಲಾಳಿಗೆ ಒಂದೂವರೆ ವರ್ಷವಾದಾಗ ಕೊನೆಯ ಪರೀಕ್ಷೆ. ಕಸ್ತೂರಿ ಇಬ್ಬರು ಮಕ್ಕಳನ್ನೂ ಹಿಡಿದುಕೊಂಡು ಕೋಣೆಯ ಹೊರಗೆ ಕೂತಳು. ಒಳಗೆ ನಿರುಪಮಾ ಫಲಿತಾಂಶ ನೋಡಿದವಳೇ ಸಾವಂತ್ರಿಯ ಎರಡೂ ಕೈ ಹಿಡಿದುಕೊಂಡಳು. “ಏನೂ ಇಲ್ರಿ. ನಿಮ್ಮ ಮಗಳಿಗೆ ಏನೂ ಇಲ್ಲ.”

ಸಾವಂತ್ರಿ ಹೊರಗೆ ಬಂದಳು. ಅವಳು ಬಾಯಿ ತೆರೆಯುವ ಮುಂಚೆಯೇ ಮುಖ ನೋಡಿ ಕಸ್ತೂರಿ ಗೊಳೋ ಎಂದು ಅತ್ತಳು, ಕಾರಿಡಾರಿನ ಜನ ತಿರುಗಿ ನೋಡುವ ಹಾಗೆ, ಶಿವಲೀಲಾಳನ್ನು ಅವಚಿಕೊಂಡು. ಸಾವಂತ್ರಿಗೆ ಅದನ್ನೂ ಸಹಿಸಲಾಗಲಿಲ್ಲ. ಮೊದಲು ಅಳಬೇಕಾದವಳು ತಾನು. “ಇಲ್ಲಿ ಕೊಡು” ಎಂದು ಮಗಳನ್ನು ತೆಗೆದುಕೊಂಡಳು. ಆಮೇಲೆ ಅದೇ ಬೆಂಚಿನ ಮೇಲೆ ಕಸ್ತೂರಿಯ ಹೆಗಲಿಗೆ ಹಣೆ ಹಚ್ಚಿ ತಾನೂ ಅತ್ತಳು.

ಕಾಲ ಸರಿಯಿತು. ಸಾವಂತ್ರಿ ಬೆಂಗೇರಿಯಲ್ಲೇ ಖಾದಿ ನೂಲುವ ಕೆಲಸಕ್ಕೆ ಹೋಗತೊಡಗಿದಳು. ಮೈ ತುಂಬಿಕೊಂಡಿತು. ಶಿವಲೀಲಾ, ಮೈಲಾರಿ ಇಬ್ಬರೂ ಒಂದೇ ಚೀಲ ಜಗ್ಗಾಡುತ್ತ ಕನ್ನಡ ಸಾಲೆಗೆ ಹೋದರು. ಮಗಳು ಈಗ ಒಬ್ಬಳನ್ನು ಅವ್ವ, ಇನ್ನೊಬ್ಬಳನ್ನು ಸಣ್ಣವ್ವ ಎನ್ನುತ್ತಿದ್ದಳು. ಪೆಟ್ಟಾದಾಗ ಮಾತ್ರ ಸಣ್ಣವ್ವನ ಕಡೆಗೇ ಓಡುತ್ತಿದ್ದಳು. ಸಾವಂತ್ರಿ ಅದನ್ನು ನುಂಗಿಕೊಳ್ಳಲು ಕಲಿತಳು, ಮರೆಯಲು ಕಲಿಯಲಿಲ್ಲ.

೨೦೦೯ರಲ್ಲಿ ಕಸ್ತೂರಿ ಮತ್ತೆ ಬಸುರಾದಳು. ನಡುವೆ ಎರಡು ಬಸಿರು ಇಳಿದುಹೋಗಿದ್ದವು. ಈ ಸಲ ಅವಳ ಕೆನ್ನೆ ಒಳಗೆ ಸೇರಿತ್ತು, ಉಗುರು ಬೆಳ್ಳಗಾಗಿದ್ದವು. ಫಕೀರೇಶನ ದುಡಿಮೆ, ಅತ್ತೆಯ ಮಂಡಿನೋವು, ಎಮ್ಮೆ, ಮಕ್ಕಳು ಎಂದು ಎಲ್ಲರದಾದ ಮೇಲೆ ಮಿಕ್ಕದ್ದನ್ನು ತಿನ್ನುತ್ತಿದ್ದಳು, ಕೆಲವು ದಿನ ಅದೂ ಇಲ್ಲ. ಐದನೇ ತಿಂಗಳಾದರೂ ಆಸ್ಪತ್ರೆಗೆ ಹೋಗಿರಲಿಲ್ಲ. ಒಂದು ರವಿವಾರ ನೀರಿನ ಕೊಡ ಎತ್ತಿದವಳು ಕಣ್ಣು ಕತ್ತಲೆಗಟ್ಟಿ ಹಿತ್ತಿಲಲ್ಲಿ ಕುಸಿದು ಕೂತಳು. ಸಾವಂತ್ರಿ ಹಿಡಿದು ಎಬ್ಬಿಸಿ ಗದರಿದಳು.

“ಏನು ಮಾಡಾಕತ್ತಿ ನೀ? ಕೂಸಿನ ಕೊಂದು ನೀನೂ ಸಾಯಾಕಿ ಏನು? ದವಾಖಾನಿಗೆ ಹೋಗಾಕ ಏನಾಗೈತಿ? ಉಂಡೀಯಿಲ್ಲೋ?”

ಕಸ್ತೂರಿ ಅವಳ ಕೈ ಕೊಡವಿದಳು. ಆ ಮುಖದಲ್ಲಿ ಅಂಥ ಸಿಟ್ಟನ್ನು ಸಾವಂತ್ರಿ ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

“ನಿನಗೇನು, ಹೇಳತಿ! ನೀ ಹೊತ್ತಿಗೆ ಸರಿಯಾಗಿ ಉಣ್ಣಾಕಿ. ಮಧ್ಯಾನ ಕಾಲು ಚಾಚಿ ಮಲಗಾಕಿ. ಒಂದು ಸಣ್ಣ ಕೆಮ್ಮು ಬಂದ್ರ ದವಾಖಾನಿಗೆ ಓಡಾಕಿ. ನಾ ಮಲಗಿದ್ರ ಮನಿ ನಿಲ್ಲತೈತಿ, ನೀ ಮಲಗಿದ್ರ ಯಾರೂ ಕೇಳೂದಿಲ್ಲ, ನಿನಗ ಬ್ಯಾನಿ ಐತಿ ಅಂತ. ಖರೇ ಹೇಳ್ತೇನಿ ಅಕ್ಕಾ, ನಿನ್ನ ನೋಡಿದ್ರ ನನಗ ಹೊಟ್ಟಿಕಿಚ್ಚು ಆಗತೈತಿ. ಒಮ್ಮೊಮ್ಮಿ ಅನಸ್ತೈತಿ, ನನಗರ ಆ ಬ್ಯಾನಿ…”

ಅಲ್ಲಿಗೆ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಸಾವಂತ್ರಿ ನಿಂತಲ್ಲೇ ನಿಂತಳು. ಕಸ್ತೂರಿಗೆ, ತನ್ನ ಮೇಲೆ! ಮೊದಲು ಅವಳಿಗೆ ಒಂದು ಬಗೆಯ ಹಿತವೇ ಆಯಿತು, ಸುಳ್ಳೇಕೆ. ಬಾಯಿಗೆ ಬೆಲ್ಲ ಹಾಕಿಕೊಂಡಂತೆ ಅದನ್ನು ಒಂದು ಗಳಿಗೆ ಇಟ್ಟುಕೊಂಡಳು. ಆಮೇಲೆ ಎದುರಿಗಿದ್ದ ಆ ಬಿಳಿಚಿದ ತುಟಿಗಳನ್ನು ನೋಡಿದಳು. ಆ ಉರಿ ಎಂಥದೆಂದು ಈ ಓಣಿಯಲ್ಲಿ ತನ್ನಷ್ಟು ಬಲ್ಲವರು ಯಾರಿದ್ದರು?

“ಆಗ್ಲಿ, ಹೊಟ್ಟಿಕಿಚ್ಚು ಆಗ್ಲಿ” ಎಂದಳು. “ನಾ ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೇ ಬದಕೇನಿ. ನೀ ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ನಾಕು ತುತ್ತು ಉಣ್ಣು, ಆಮ್ಯಾಲೆ ಮಾತಾಡೋಣು.”

ಕಸ್ತೂರಿಗೆ ಅದು ಪೂರ್ತಿ ತಿಳಿಯಲಿಲ್ಲ. “ನನ್ನ ಮ್ಯಾಲೆ? ನನ್ನ ಕಡೆ ಏನೈತಿ?” ಎಂದು ಕೇಳಿದಳು.

ಸಾವಂತ್ರಿ ಅವಳನ್ನು ಒಳಗೆ ಕರೆದೊಯ್ದು ತನ್ನ ಚಾಪೆಯ ಮೇಲೆ ಕೂರಿಸಿ, ಬಿಸಿ ರೊಟ್ಟಿಯ ಜೊತೆ ಮೆಂತ್ಯೆ ಪಲ್ಯ ಬಡಿಸಿದಳು. ಮುಗಿಯುವವರೆಗೂ ಎದುರಿಗೇ ಕೂತಳು. ಮರುದಿನ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಕಸ್ತೂರಿಯ ರಕ್ತ ತೀರ ಕಡಿಮೆಯಿದೆ ಎಂದರು, ಕಬ್ಬಿಣಾಂಶದ ಸೂಜಿ ಹಾಕಿದರು, ಭಾರ ಎತ್ತಬಾರದು, ದಿನಾ ಮಲಗಬೇಕು ಎಂದರು.

ಆ ವಾರದಿಂದ ಮಧ್ಯಾಹ್ನದ ಹೊತ್ತು ಚಾಪೆಯ ಮೇಲೆ ಕಸ್ತೂರಿ ಮಲಗಿದಳು. ಸಾವಂತ್ರಿ ತನ್ನ ಊಟದ ಬಿಡುವಿನಲ್ಲಿ ಮನೆಗೆ ಬಂದು, ತಾನೂ ಸ್ವಲ್ಪ ಹೊತ್ತು ಅವಳ ಪಕ್ಕಕ್ಕೆ ಬೆನ್ನು ಚಾಚಿ, ಎದ್ದು ಎಮ್ಮೆಗೆ ನೀರು ಕುಡಿಸಿ ಹೋಗುತ್ತಿದ್ದಳು. ಒಂದು ದಿನ ಕಟ್ಟೆಯಿಂದ ರುಕ್ಮವ್ವ, “ಕಸ್ತೂರಿ, ಏ ಕಸ್ತೂರಿ, ಚಾ ಇಡ” ಎಂದು ಕೂಗಿದಾಗ ಸಾವಂತ್ರಿ ಬಾಗಿಲಿಗೆ ಬಂದು ನಿಂತಳು.

“ಮಲಗ್ಯಾಳ್ರಿ. ಎಬ್ಬಿಸಬ್ಯಾಡ್ರಿ. ಚಾ ನಾ ಇಡ್ತೇನಿ.”

ಸಾವಂತ್ರಿ ಒಲೆ ಹಚ್ಚಿ ಚಾ ಇಟ್ಟು, ಲೋಟಕ್ಕೆ ಸೋಸಿ ತಂದು ಅತ್ತೆಯ ಕೈಗೆ ಕೊಟ್ಟಳು. ಒಮ್ಮೆ ಈ ಸೊಸೆಯ ಲೋಟವನ್ನೇ ಬೇರೆ ಇಟ್ಟಿದ್ದ ಮುದುಕಿ ಅದನ್ನು ಹಿಡಿದುಕೊಂಡು ಒಂದು ಕ್ಷಣ ನೋಡಿದಳು, ಆಮೇಲೆ ಕುಡಿದಳು.